ವರ್ಷತೊಡಕಿನ ದಿನ ಓದಿದ ಕೊಲೆ

ನನ್ನ ಮೊಮ್ಮಗಳಿಗೆ ಓದು ಬಂತು!

ಐದನೇ ಕ್ಲಾಸಿಗೆ ಬಂದರೂ ಅಕ್ಷರ ಕಂಡರೆ ಹಾವು ಕಂಡ ಹಾಗೆ ಬೆವರುತ್ತಿದ್ದ ಹುಡುಗಿ, ನಿನ್ನೆ ಒಂದು ಇಡೀ ಕೊಲೆಯನ್ನು ಕತ್ತು ಹಿಸುಕುವಲ್ಲಿಂದ ಹೆಣ ಹೂಳುವ ತನಕ ಎಲ್ಲೂ ನಿಲ್ಲದೆ ಓದಿಬಿಟ್ಟಳು. ಅದು ಎಂಥ ಓದು ಅಂತೀರಿ! ಅವಳ ಓದು ಕೇಳಿ ಪಕ್ಕದ ಮನೆಯವನು ದೊಣ್ಣೆ ಹಿಡಿದು ಗೋಡೆ ಹಾರಿದ. ನನ್ನ ಮಗನ ಹಣೆ ಒಡೆಯಿತು. ಕೋಣೆಯ ಬಾಗಿಲು ಕಿತ್ತು ಬಂತು. ಬಾಗಿಲು ಹೋದರೆ ಹೋಗಲಿ, ಇನ್ನೊಂದು ಮಾಡಿಸಿದರಾಯಿತು. ಹಣೆಗೆ ಹೊಲಿಗೆ ಬಿದ್ದಿದೆ, ವಾಸಿಯಾಗುತ್ತದೆ. ನನಗೋ ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದಾಯಿತು. ಹಾಲಿನ ಡೈರಿ ಮುಂದೆಯೂ ಹೇಳಿ ಬಂದೆ. ಇನ್ನೂ ಹೊಟ್ಟೆ ತುಂಬಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುತ್ತಿದ್ದೇನೆ ಅಂದರೆ ನಾನೇನು ದೊಡ್ಡ ಓದು ಓದಿದವಳಲ್ಲ. ಬೆಳಕವಾಡಿ ಕಡೆಯ ಹುಡುಗಿ, ಮೂರನೇ ಕ್ಲಾಸು. ಅದೂ ಪೂರ್ತಿಯಾಗಲಿಲ್ಲ. ಮಗ್ಗಿ ತಪ್ಪಿದೆ ಅಂತ ಮೇಷ್ಟ್ರು ಬೆನ್ನಿಗೆ ಹೊಡೆದ ಹೊಡೆತಕ್ಕೆ ಹುಣಸೆ ಕೋಲು ಎರಡು ತುಂಡಾಯಿತು. ಬಾಸುಂಡೆ ನೋಡಿದ ನಮ್ಮಪ್ಪ ಕಬ್ಬು ಕಡಿಯುವ ಮಚ್ಚು ತಗೊಂಡು ಇಸ್ಕೂಲಿಗೆ ಹೋದ. ಮೇಷ್ಟ್ರು ಕಿಟಕಿಯಿಂದ ಹಾರಿ ಗದ್ದೆ ಬಯಲಲ್ಲಿ ಓಡಿದರು. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ, ಅಪ್ಪ ನನ್ನನ್ನು ಕಳಿಸಲಿಲ್ಲ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಮದುವೆಯಾಗಿ ಕಿರುಗಾವಲಿಗೆ ಹತ್ತಿರದ ಈ ಊರಿಗೆ ಬಂದೆ. ನನ್ನ ಗಂಡ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರು. ಮಳವಳ್ಳಿ, ಮದ್ದೂರು, ಮಂಡ್ಯ, ಮತ್ತೆ ವಾಪಸ್ಸು. ಜನ ಬಸ್ಸಿನಲ್ಲಿ ಕೊಡೆ ಮರೆಯುತ್ತಾರೆ, ಚಪ್ಪಲಿ ಮರೆಯುತ್ತಾರೆ, ಒಬ್ಬಳು ಹೆಂಗಸು ಕೋಳಿಯನ್ನೇ ಮರೆತು ಇಳಿದಿದ್ದಳಂತೆ. ಕಾದಂಬರಿ ಮರೆಯುವವರೂ ಇದ್ದರು. ಕೊಡೆ, ಚಪ್ಪಲಿ ಕೇಳಿಕೊಂಡು ಬರುತ್ತಾರೆ, ಪುಸ್ತಕ ಕೇಳಿಕೊಂಡು ಯಾರೂ ಬರುವುದಿಲ್ಲ. ನಮ್ಮನೆಯವರು ಆ ಪುಸ್ತಕಗಳನ್ನು ಬ್ಯಾಗಿಗೆ ತುರುಕಿಕೊಂಡು ಬಂದು ಒಲೆ ಪಕ್ಕ ಎಸೆಯುತ್ತಿದ್ದರು.

“ಅಗಾ, ಒಲೆ ಅಂಟ್ಸಕ್ಕೆ ಆಯ್ತದೆ. ಇಟ್ಕಮ್ಮಿ.”

ನಾನು ಮೊದಲು ಕೈಗೆತ್ತಿಕೊಂಡದ್ದಕ್ಕೆ ಹೊದಿಕೆಯೇ ಇರಲಿಲ್ಲ. ಹೆಸರು ಇವತ್ತಿಗೂ ಗೊತ್ತಿಲ್ಲ. ಒಲೆಗೆ ಹಾಕಬೇಕು ಅಂತ ಮೊದಲ ಹಾಳೆ ಹರಿದೆ, ಕಣ್ಣಾಡಿಸಿದೆ. ಬಾವಿಯಲ್ಲಿ ಹೆಣ್ಣೊಬ್ಬಳ ಹೆಣ ತೇಲುತ್ತಿದೆ, ಕತ್ತಿನಲ್ಲಿ ಹಗ್ಗದ ಗುರುತಿದೆ. ಯಾರು ಬಿಗಿದದ್ದು? ಅಷ್ಟೇ ಸಾಕಾಯಿತು. ಎಸರು ಕುದಿಯಿತು, ಹಿಟ್ಟು ಹಾಕಿದೆ, ಎಡಗೈಯಲ್ಲಿ ಹಾಳೆ, ಬಲಗೈಯಲ್ಲಿ ಮುದ್ದೆ ಕೋಲು. ಹಿಟ್ಟು ತಳ ಹಿಡಿದು ಸೀದು ಮನೆಯೆಲ್ಲ ಹೊಗೆಯಾದದ್ದು ನನ್ನ ಮೂಗಿಗೆ ತಿಳಿಯಲೇ ಇಲ್ಲ. ನಮ್ಮತ್ತೆ ಬಂದವಳೇ ಅದೇ ಕೋಲನ್ನು ಕಿತ್ತುಕೊಂಡು ಮಣಿಕಟ್ಟಿಗೆ ಬಾರಿಸಿದಳು. ಲಟ್ ಅಂತು. ಮೂಳೆ ಕಟ್ಟುವವನು ಬಿದಿರು ದಬ್ಬೆ ಇಟ್ಟು ಕೈ ಕಟ್ಟಿದ. ಕೈ ಕಟ್ಟಿದ ಮೇಲೆ ಮುದ್ದೆ ತೊಳಸುವ ಹಾಗಿಲ್ಲ, ನೀರು ಸೇದುವ ಹಾಗಿಲ್ಲ. ಆರಾಮಾಗಿ ಜಗಲಿಯಲ್ಲಿ ಕೂತು ಪುಸ್ತಕ ಮುಗಿಸಿದೆ. ಬಿಗಿದವನು ಅವಳ ಮೈದುನ! ನಮ್ಮತ್ತೆ ತಾನು ಹೊಡೆದು ನನಗೆ ರಜಾ ಕೊಟ್ಟೆ ಅಂತ ಸಾಯುವ ತನಕ ಗೊಣಗಿದಳು.

ಅಲ್ಲಿಂದ ಹಿಡಿದ ಹುಚ್ಚು ಇದು. ಬಸ್ಸಿನಲ್ಲಿ ಜನ ಏನು ಮರೆತರೆ ಅದು ನನ್ನ ಓದು. ಸಂಸಾರದ ಕಾದಂಬರಿ ಬರುತ್ತಿದ್ದವು. ಅದರಲ್ಲಿ ಸೊಸೆ ಅಳುತ್ತಾಳೆ, ಅಡುಗೆ ಮಾಡುತ್ತಾ ಅಳುತ್ತಾಳೆ, ದೇವರ ಮುಂದೆ ಅಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದ್ದು ಎರಡು ಬಿಗಿಯಬಾರದೇನಮ್ಮ ಅಂತ ಪುಸ್ತಕದೊಳಕ್ಕೆ ಕೂಗಿದ್ದೂ ಉಂಟು. ರಾಜರ ಕಾದಂಬರಿ ಯುದ್ಧ ಬರುವ ತನಕ ಪರವಾಗಿಲ್ಲ. ಯುದ್ಧ ಮುಗಿದ ಮೇಲೆ ರಾಣಿಯ ಸೀರೆ, ಒಡವೆ, ಕುಣಿತ ಬರುತ್ತದೆ, ಹಾಳೆ ತಿರುವಿ ಮುಂದಿನ ಯುದ್ಧಕ್ಕೆ ಹೋಗುತ್ತಿದ್ದೆ. ದೆವ್ವದ ಕಾದಂಬರಿಯಲ್ಲಿ ಗೆಜ್ಜೆ ಸದ್ದು ಬಿಟ್ಟು ಏನೂ ಇಲ್ಲ. ಒಂದು ಏಟು ಹಾಕಲಾಗದ ದೆವ್ವವನ್ನು ಕಟ್ಟಿಕೊಂಡು ಏನು ಮಾಡುವುದು? ಡಕಾಯಿತರದ್ದು ಚೆನ್ನಾಗಿರುತ್ತದೆ. ಆದರೆ ಎಲ್ಲಕ್ಕಿಂತ ಮೇಲೆ ಕೊಲೆ ಪತ್ತೆ ಮಾಡುವ ಕಾದಂಬರಿ. ಅದರ ಮುಂದೆ ಬಾಡೂಟವೂ ನಿಲ್ಲುವುದಿಲ್ಲ.

ಯಾಕೆ ಅಂತ ನನ್ನ ಸೊಸೆ ಕೇಳುತ್ತಾಳೆ. “ಒಳ್ಳೇದ್ ಓದ್ಬಾರ್ದಾ ಅತ್ತೆಮ್ಮ? ಬರೀ ಕುಯ್ದಾಕೋದು, ಕತ್ತರ್ಸೋದು.” ಯಾಕೆಂದರೆ ನಮ್ಮ ಕಡೆ ತಲೆ ಒಡೆದರೆ ಯಾರು ಒಡೆದದ್ದು ಅಂತ ಯಾರೂ ಬಾಯಿ ಬಿಡುವುದಿಲ್ಲ. ನೋಡಿದವರೆಲ್ಲ ಆ ಹೊತ್ತಿಗೆ ಎಮ್ಮೆ ಹಿಡಿಯಲು ಹೋಗಿರುತ್ತಾರೆ. ಮಳವಳ್ಳಿ ಕೋರ್ಟಿನಲ್ಲಿ ಕೇಸು ಎಳೆದು ಎಳೆದು ಕೊನೆಗೆ ಏನಾಯಿತು ಅಂತ ಹೊಡೆಸಿಕೊಂಡವನಿಗೂ ಗೊತ್ತಾಗುವುದಿಲ್ಲ. ಕಾದಂಬರಿಯಲ್ಲಿ ಹಾಗಲ್ಲ. ಕಡೆಯ ಪುಟದಲ್ಲಿ ಒಬ್ಬ ಎದ್ದು ನಿಂತು ಬೆರಳು ತೋರಿಸಿ ‘ನೀನೇ’ ಅನ್ನುತ್ತಾನೆ. ಆ ‘ನೀನೇ’ ಕೇಳಿದಾಗ ನನ್ನ ಎದೆಗೆ ಆಗುವ ತಂಪು ಎಳನೀರಿನಲ್ಲೂ ಇಲ್ಲ.

ನಮ್ಮ ಮನೆಯಲ್ಲೇ ಆದದ್ದು ನೋಡಿ. ಪಕ್ಕದ ಮನೆಯವನು ಬೇರೆ ಯಾರೂ ಅಲ್ಲ, ನನ್ನ ಗಂಡನ ಅಣ್ಣನ ಮಗ. ನನ್ನ ಮಗನಿಗೆ ಅಣ್ಣನಾಗಬೇಕು, ಮೊಮ್ಮಗಳಿಗೆ ದೊಡ್ಡಪ್ಪ. ನನ್ನ ಗಂಡ ತೀರಿಕೊಂಡ ಮೇಲೆ ಒಂದು ಬೇಸಿಗೆ, ನಾಲೆ ನೀರಿನ ಸರದಿಗೆ ಇಬ್ಬರೂ ಗದ್ದೆ ಬದುವಿನಲ್ಲಿ ಹಿಡಿದುಕೊಂಡರು. ಗುದ್ದಲಿ ಬೀಸಿದರು, ಮಚ್ಚು ಬೀಸಿದರು. ಅವನ ಎಡಗಿವಿಯ ಚೂರು ಹೋಯಿತು, ನನ್ನ ಮಗನ ಮುಂದಿನ ಹಲ್ಲು ಹೋಯಿತು. ಕೆಸರಲ್ಲಿ ಬಿದ್ದ ಕಿವಿಯ ಚೂರನ್ನು ಹೆಂಗಸರು ಹುಡುಕಿದೆವು, ಸಿಗಲಿಲ್ಲ. ಮೊದಲ ಏಟು ಯಾರದು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ. ಒಂದೇ ಗೋಡೆಯ ಆ ಕಡೆ ಅವರು, ಈ ಕಡೆ ನಾವು. ಮಾತಿಲ್ಲ, ಕತೆಯಿಲ್ಲ. ಅವರ ಮನೆ ಒಗ್ಗರಣೆ ವಾಸನೆ ಬಂದರೂ ನನ್ನ ಮಗ ಮೂಗು ಮುಚ್ಚಿಕೊಳ್ಳುತ್ತಿದ್ದ.

ಇನ್ನು ಓದಿ ಹೇಳುವ ವಿಚಾರ. ಅವರೆಕಾಯಿ ಸುಲಿಯುವಾಗ, ಕಡಲೆಕಾಯಿ ಬಿಡಿಸುವಾಗ ಬೀದಿಯ ಹೆಂಗಸರು ನಮ್ಮ ಜಗಲಿಗೆ ಬರುತ್ತಿದ್ದರು. ನನ್ನ ಪಾಲಿನ ಕಾಯನ್ನೂ ಅವರೇ ಸುಲಿಯುತ್ತಾರೆ, ನಾನು ಕೊಲೆ ಓದಬೇಕು. ಮೊದಮೊದಲು ಬರೆದ ಹಾಗೇ ಓದಿದೆ. “ದಯವಿಟ್ಟು ನನ್ನನ್ನು ಬಿಟ್ಟುಬಿಡು, ನಿನಗೆ ನಾನೇನು ದ್ರೋಹ ಮಾಡಿದ್ದೇನೆ?” ಎಲ್ಲರೂ ಬಿದ್ದು ಬಿದ್ದು ನಕ್ಕರು. “ಕತ್ತು ಇಸುಕ್ತಾವ್ನೆ, ಇವ್ಳು ಭಾಷ್ಣ ಮಾಡ್ತಾವ್ಳಲ್ಲಮ್ಮಿ!” ಅಂದಳು ಒಬ್ಬಳು. ಅವತ್ತಿಂದ ಕಣ್ಣಿನಲ್ಲಿ ಪುಸ್ತಕದ ಮಾತು ಹಿಡಿದು ಬಾಯಲ್ಲಿ ನಮ್ಮ ಮಾತು ಬಿಡುವುದನ್ನು ರೂಢಿ ಮಾಡಿಕೊಂಡೆ. “ನಿನ್ ದಮ್ಮಯ್ಯ, ಬುಟ್ಬುಡ್ಲಾ! ನಾನೇನ್ಲಾ ಮಾಡಿದ್ದೆ ನಿಂಗೆ?” ಹಾಗೆ ಓದಿದರೆ ಹೆಂಗಸರ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತುಬಿಡುತ್ತಿತ್ತು.

ಈಗ ಮೊಮ್ಮಗಳ ವಿಚಾರಕ್ಕೆ ಬರುತ್ತೇನೆ. ನನ್ನ ಮಗ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುತ್ತಾನೆ, ಸೊಸೆ ಮದ್ದೂರು ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಒಬ್ಬಳೇ ಮಗಳು. ಮಾತು ಬಹಳ ಚುರುಕು. ಲೆಕ್ಕ ಬಾಯಲ್ಲೇ ಹೇಳುತ್ತಾಳೆ, ಬೀದಿಯ ಯಾವ ನಾಯಿ ಯಾವ ಮನೆಯದು ಅಂತ ಹೇಳುತ್ತಾಳೆ. ಅಕ್ಷರ ಮಾತ್ರ ಹತ್ತಲಿಲ್ಲ. ‘ಅಕ್ಷರಗಳು ಇರುವೆ ಥರ ಅರಿದಾಡ್ತವೆ ಅಜ್ಜಿ’ ಅನ್ನುತ್ತಿದ್ದಳು. ನನ್ನ ಮಗ ಸಾಯಂಕಾಲ ಕೈಕಾಲು ತೊಳೆದವನೇ ಪುಸ್ತಕ ಬಿಚ್ಚಿ ಅವಳನ್ನು ಮುಂದೆ ಕೂರಿಸುತ್ತಿದ್ದ. ಒಂದು ಸಾಲು ತಪ್ಪಿದರೆ ಬೆನ್ನಿಗೆ ಗುದ್ದು. ಇನ್ನೊಂದು ತಪ್ಪಿದರೆ ಜಡೆ ಹಿಡಿದು ಗೋಡೆಗೆ. ಸೊಸೆ ಅಡ್ಡ ಬಂದರೆ ಅವಳಿಗೂ ಬೀಳುತ್ತಿತ್ತು. ನಾನು ಅಡ್ಡ ಬಂದರೆ ನನ್ನನ್ನು ನೂಕಿ ನೆಲಕ್ಕೆ ಕೂರಿಸುತ್ತಿದ್ದ. ಒಂದು ಸಲ ಸ್ಲೇಟಿನ ಚೌಕಟ್ಟು ಅವಳ ಕಿವಿಯ ಹಿಂದೆ ಕೂತು ರಕ್ತ ಫ್ರಾಕಿನ ತನಕ ಇಳಿಯಿತು. ಆ ಮೇಲೆ ಅಪ್ಪನ ಟ್ರ್ಯಾಕ್ಟರ್ ಸದ್ದು ಊರ ಮುಂದೆ ಕೇಳಿದರೇ ಹುಡುಗಿ ಉಚ್ಚೆ ಹುಯ್ದುಕೊಳ್ಳುತ್ತಿದ್ದಳು.

“ಉಗಾದಿ ಆಗ್ಲಿ. ಅಷ್ಟೊತ್ಗೆ ಓದ್ನಿಲ್ಲ ಅಂದ್ರೆ ಇಸ್ಕೂಲು ಬುಡುಸ್ಬುಡ್ತೀನಿ. ಕುರಿ ಇಂದೆ ಓಗ್ಲಿ.” ಹೋದ ವರ್ಷ ದೀಪಾವಳಿಯಲ್ಲಿ ಅವನು ಹೇಳಿದ ಮಾತು. ಹೇಳಿದರೆ ಮಾಡುವವನೇ. ಹುಡುಗಿ ಇಸ್ಕೂಲು ಬಿಟ್ಟಳು ಅಂದರೆ ಅಲ್ಲಿಗೆ ಮುಗಿಯಿತು, ನಾನು ನೋಡಿಲ್ಲವೇ?

ಆ ಹೊತ್ತಿಗೆ ನನ್ನ ಕಣ್ಣಿಗೆ ಪೊರೆ ಬಂದು ಮಂಡ್ಯದಲ್ಲಿ ಆಪರೇಷನ್ ಆಯಿತು. ಓದಬೇಡಿ, ಕಣ್ಣಿಗೆ ಆಯಾಸ ಮಾಡಬೇಡಿ ಅಂದರು. ನಾನು ಅರ್ಧ ಓದಿಟ್ಟ ಕಾದಂಬರಿಯಲ್ಲಿ ಬಚ್ಚಲಮನೆಯ ಹಂಡೆಯೊಳಗೆ ಒಬ್ಬನ ತಲೆ ಸಿಕ್ಕಿತ್ತು. ಮುಂಡ ಎಲ್ಲಿ? ಅದು ಗೊತ್ತಾಗದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಸೊಸೆಗೆ ಹೊತ್ತಿಲ್ಲ, ಮಗನನ್ನು ಕೇಳುವ ಹಾಗಿಲ್ಲ. ಉಳಿದವಳು ಇವಳೊಬ್ಬಳು. ಕೊಟ್ಟಿಗೆ ಹಿಂದೆ ಕರೆದುಕೊಂಡು ಹೋದೆ.

“ಒಂದ್ ಸಾಲು ಓದು ಮಗ. ಅಂಡೇಲಿ ತಲೆ ಐತೆ, ಮುಂಡ ಸಿಕ್ಬೇಕು.”

“ನಿಜವಾದ್ ತಲೇನಾ ಅಜ್ಜಿ?”

“ಉಂ ಕಣೆ. ಕಣ್ಣು ಬುಟ್ಕಂಡೇ ಐತಂತೆ.”

ಅವಳ ಕಣ್ಣು ಆ ತಲೆಯ ಕಣ್ಣಿಗಿಂತ ಅಗಲವಾಯಿತು. ಬೆರಳಿಟ್ಟು ಒಂದೊಂದೇ ಅಕ್ಷರ ಹಿಡಿದಳು. ಅವಳು ಒಂದು ಸಾಲು ಕಿತ್ತು ಕೊಟ್ಟರೆ, ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿ, ಕೈ ಬೀಸಿ, ಕಣ್ಣು ಕೆಂಪು ಮಾಡಿ ಆಡಿ ತೋರಿಸುತ್ತಿದ್ದೆ. ಅದನ್ನು ನೋಡುವ ಆಸೆಗೆ ಅವಳು ಇನ್ನೊಂದು ಸಾಲು ಕೀಳುತ್ತಿದ್ದಳು. ತಪ್ಪಿದರೆ ನಾನು ಬಯ್ಯುತ್ತಿರಲಿಲ್ಲ. ನನಗೆ ಅವಳ ಅಕ್ಷರ ಬೇಕಾಗಿರಲಿಲ್ಲ, ಮುಂಡ ಬೇಕಾಗಿತ್ತು. ಸಿಕ್ಕಿತು, ಹುಲ್ಲಿನ ಮೆದೆಯಲ್ಲಿ. ಇಬ್ಬರೂ ಕೊಟ್ಟಿಗೆ ಹಿಂದೆ ಕುಣಿದೆವು.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಅರ್ಧ ಪುಟ ಓದುತ್ತಿದ್ದಳು, ಗಾಲಿ ಸವೆದ ಗಾಡಿಯ ಹಾಗೆ ಮುಗ್ಗರಿಸಿಕೊಂಡು. ಆದರೆ ಅಪ್ಪನ ಮುಂದೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ನಾನು ಮಗನಿಗೆ ಹೇಳಿದೆ. “ಓದ್ತಾಳೆ ಕಣ್ಲಾ, ಒಸಿ ತಾಳ್ಕೊ.” ಅವನು ನಕ್ಕ. “ನೀನು ಏಳ್ಕೊಟ್ಟಿದ್ನ ಗಿಣಿ ಥರ ಒಪ್ಪುಸ್ತಾಳೆ. ಕೊಲೆ ಬುಕ್ ಓದಿ ಯಾವ್ ಕಲೆಕ್ಟ್ರಾದಾಳು ಬುಡವ್ವ.”

ಯುಗಾದಿ ಬಂತು, ಬೇವು ಬೆಲ್ಲ ತಿಂದೆವು. ಮರುದಿನ ವರ್ಷತೊಡಕು. ನಮ್ಮ ಕಡೆ ಅವತ್ತು ಊರಿಗೆ ಊರೇ ಬಾಡು. ಹತ್ತಾರು ಮನೆಯವರು ಸೇರಿ ಕುರಿ ಕುಯ್ಯುತ್ತಾರೆ, ಮಾಂಸವನ್ನು ಸಮಸಮ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ. ಬೆಳಿಗ್ಗೆಯಿಂದಲೇ ಬೀದಿಯ ಚರಂಡಿ ಕೆಂಪಗೆ ಹರಿಯುತ್ತದೆ. ಗಂಡಸರ ಕೈಯೆಲ್ಲ ಮೊಣಕೈ ತನಕ ರಕ್ತ.

ನನ್ನ ಮಗ ಗುಡ್ಡೆ ತರಲು ಹೋಗುವ ಮೊದಲು ಅವಳನ್ನು ಕರೆದು ಪೇಪರ್ ಮುಂದಿಟ್ಟ. “ಉಗಾದಿ ಆಯ್ತು. ಓದು.” ಹುಡುಗಿ ಕಲ್ಲಾದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ಕೆನ್ನೆಗೆ ಬಿಗಿದ. ಇನ್ನೊಂದು ಬಿಗಿದ. ಇಸ್ಕೂಲ್ ಬ್ಯಾಗನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ತುರುಕಿದ. ನಾನು ಬರಿಗೈಯಲ್ಲಿ ಎಳೆದೆ, ಬೆರಳು ಸುಟ್ಟಿತು, ಬ್ಯಾಗು ಅರ್ಧ ಉರಿದೇ ಹೋಗಿತ್ತು. ಅವನು ಬೀದಿಗೆಲ್ಲ ಕೇಳುವ ಹಾಗೆ ಅರಚಿದ.

“ಇವತ್ತು ಇವಳ್ನ ಸಾಯ್ಸೇ ಬುಡ್ತೀನಿ!”

ಅರಚಿ, ಗುಡ್ಡೆ ತರಲು ಹೋದ. ಹುಡುಗಿ ರಾಗಿ ಮೂಟೆ ಇಡುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಕರೆದರೆ ತೆಗೆಯಲಿಲ್ಲ. ಅಳುತ್ತಾಳೆ, ಅತ್ತು ಸಮಾಧಾನವಾಗಲಿ ಅಂತ ನಾನು ಸುಟ್ಟ ಬೆರಳಿಗೆ ಅರಿಶಿನ ಮೆತ್ತಿಕೊಂಡು ಕೊತ್ತಂಬರಿ ಸೊಪ್ಪು ತರಲು ಮೂಲೆ ಅಂಗಡಿಗೆ ಹೋದೆ. ಮೊನ್ನೆ ಮದ್ದೂರಿನ ಬಸ್ ಸ್ಟ್ಯಾಂಡಿನ ಹಳೇ ಪುಸ್ತಕದವನ ಹತ್ತಿರ ತಂದು, ಹಬ್ಬ ಮುಗಿದ ಮೇಲೆ ಓದೋಣ ಅಂತ ರಾಗಿ ಮೂಟೆ ಮೇಲಿಟ್ಟಿದ್ದ ಹೊಸ ಕೊಲೆ ಆ ಕೋಣೆಯಲ್ಲೇ ಇದೆ ಅನ್ನುವುದು ನನಗೆ ಆಗ ನೆನಪಿರಲಿಲ್ಲ.

ಸೊಪ್ಪು ಹಿಡಿದು ವಾಪಸ್ಸು ಬರುತ್ತಿದ್ದೇನೆ. ನಮ್ಮ ಮನೆಯಿಂದ ಕೂಗು ಕೇಳಿಸಿತು.

“ಅಯ್ಯೋ ಬುಡೋ! ನಿನ್ ದಮ್ಮಯ್ಯ ಕಣೋ, ಕೊಲ್ಬ್ಯಾಡ! ಯಾರ್ಗೂ ಏಳಾಕಿಲ್ಲ ಕಣೋ!”

ಮೊಮ್ಮಗಳ ದನಿ. ಮತ್ತೆ ಕೇಳಿಸಿತು. “ಅವ್ವೋ! ಕತ್ತು! ಉಸ್ರು ಕಟ್ತದೆ!” ಸೊಪ್ಪು ಎಲ್ಲಿ ಬಿತ್ತೋ, ಸೆರಗು ಎಲ್ಲಿ ಜಾರಿತೋ, ಓಡಿದೆ. ಕೊಂದೇಬಿಟ್ಟ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಕೊಂದುಬಿಟ್ಟ ಅಂತ ಬಾಯಿ ಬಡಿದುಕೊಂಡು ಓಡಿದೆ.

ನಾನು ತಲುಪುವುದರೊಳಗೆ ನಡುಮನೆಯಲ್ಲಿ ಏನೇನಾಗಿತ್ತು ಅನ್ನುವುದನ್ನು ಆಮೇಲೆ ಅವರವರ ಬಾಯಿಂದಲೇ ಕೇಳಿದೆ. ಮಗ ಗುಡ್ಡೆ ತಂದು ಹಿತ್ತಿಲಲ್ಲಿ ಕೊರಡಿನ ಮೇಲೆ ಮೂಳೆ ತುಂಡರಿಸುತ್ತಿದ್ದ. ಕೂಗು ಅವನಿಗೂ ಕೇಳಿತು. ಯಾವನೋ ಕೋಣೆಗೆ ನುಗ್ಗಿ ಮಗಳ ಕತ್ತು ಹಿಸುಕುತ್ತಿದ್ದಾನೆ ಅಂದುಕೊಂಡ. ರಕ್ತದ ಕೈಯಲ್ಲಿ ಮಚ್ಚು ಹಿಡಿದೇ ಓಡಿಬಂದು “ಯಾವನ್ಲಾ ಒಳಗಿರೋನು!” ಅಂತ ಬಾಗಿಲಿಗೆ ಮಚ್ಚು ಹಾಕತೊಡಗಿದ. ಗೋಡೆಯಾಚೆಯ ಅಣ್ಣ ಬೆಳಿಗ್ಗೆ ‘ಸಾಯ್ಸೇ ಬುಡ್ತೀನಿ’ ಅನ್ನುವುದನ್ನು ಕೇಳಿದ್ದವನು. ಈಗ ಹುಡುಗಿಯ ಚೀರಾಟ ಕೇಳಿತು. ಕೊಟ್ಟಿಗೆಯ ದೊಣ್ಣೆ ಕಿತ್ತುಕೊಂಡು ಹಿತ್ತಿಲ ಗೋಡೆ ಹಾರಿ ಬಂದರೆ ಕಂಡದ್ದೇನು? ಮೈಯೆಲ್ಲ ರಕ್ತ ಮಾಡಿಕೊಂಡ ತಮ್ಮ ಮಚ್ಚಿನಲ್ಲಿ ಬಾಗಿಲು ಕಡಿಯುತ್ತಿದ್ದಾನೆ, ಒಳಗೆ ಕೂಸು ‘ಕೊಲ್ಬ್ಯಾಡ’ ಅನ್ನುತ್ತಿದೆ. ಮೊದಲ ಏಟು ಭುಜಕ್ಕೆ ಹಾಕಿದ, ಮಚ್ಚು ಬಿತ್ತು. ಎರಡನೆಯದು ಹಣೆಗೆ. ಮಿಕ್ಸಿ ಸದ್ದಿನಲ್ಲಿ ಇಷ್ಟು ಹೊತ್ತೂ ಏನೂ ಕೇಳಿಸದಿದ್ದ ಸೊಸೆ ಅಡುಗೆಮನೆಯಿಂದ ಹೊರಗೆ ಬಂದವಳು, ಗಂಡನ ಮುಖದಲ್ಲಿ ರಕ್ತ ಸುರಿಯುವುದನ್ನು, ಅವನ ಮೇಲೆ ದೊಣ್ಣೆ ಎತ್ತಿದ ಭಾವನನ್ನು ನೋಡಿದಳು. ಕೈಯಲ್ಲಿದ್ದ ಜಾರಿನ ಖಾರವನ್ನೆಲ್ಲ ಭಾವನ ಮುಖಕ್ಕೆ ರಾಚಿದಳು.

ನಾನು ಹೊಸ್ತಿಲು ದಾಟಿದಾಗ ನನ್ನ ಮಗ ಗೋಡೆಗೆ ಒರಗಿ ಜಾರುತ್ತಿದ್ದ. ಅಣ್ಣ ಎರಡೂ ಕಣ್ಣು ಮುಚ್ಚಿಕೊಂಡು ಗೂಳಿಯ ಹಾಗೆ ಕೂಗುತ್ತಿದ್ದ. “ಮಗೀನ್ ಮೇಲೆ ಮಚ್ಚು ಎತ್ತೀಯೇನ್ಲಾ ಬಡ್ಡೆತ್ತದ್ದೆ!”

“ನಾನೆಲ್ಲಿ ಎತ್ದೆ! ಒಳಗ್ ಯಾವನೋ ಅವ್ನೆ ಕಣೋ! ಬಾಗ್ಲು ಒಡಿಯೋ ಮೊದ್ಲು!”

ಆಗ ಬಾಗಿಲ ಹಿಂದಿನಿಂದ ಮೊಮ್ಮಗಳ ದನಿಯೇ ಮತ್ತೆ ಬಂತು. ಈ ಸಲ ಗಡಸು.

“ಇನ್ನೊಂದ್ ಏಟು ಆಕ್ಲಾ! ಇನ್ನೂ ಉಸ್ರು ಐತೆ ಇವ್ಳಿಗೆ!”

ಎಲ್ಲರೂ ನಿಂತೆವು. ಒಳಗೆ ಎಷ್ಟು ಜನ ಇದ್ದಾರೆ? ಕೊಲ್ಲುವವಳು ಯಾರು, ಸಾಯುವವಳು ಯಾರು? ಅಣ್ಣ ಭುಜ ಕೊಟ್ಟು ಗುದ್ದಿದ. ಮಚ್ಚಿನೇಟಿಗೆ ಸಡಿಲಾಗಿದ್ದ ಬಾಗಿಲು ಅವನನ್ನೂ ಎಳೆದುಕೊಂಡು ಒಳಗೆ ಬಿತ್ತು.

ಹುಡುಗಿ ರಾಗಿ ಮೂಟೆ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದಳು. ಕೆನ್ನೆಯಲ್ಲಿ ಬೆಳಗಿನ ಬೆರಳ ಗುರುತು ಹಾಗೇ ಇತ್ತು. ತೊಡೆಯ ಮೇಲೆ ನನ್ನ ಹೊಸ ಪುಸ್ತಕ. ತಲೆ ಎತ್ತಲಿಲ್ಲ. ಒಂದು ಕೈ ಮೇಲೆತ್ತಿ ನಮ್ಮನ್ನು ತಡೆದಳು.

“ತಡೀರಿ, ಇನ್ನೊಂದ್ ಪುಟ ಐತೆ.”

ಆ ಪುಟ ಮುಗಿಯುವ ತನಕ ನಾವು ನಾಲ್ಕೂ ಜನ ಅಲ್ಲೇ ನಿಂತಿದ್ದೆವು, ದೇವರಾಣೆಗೂ. ಹೆಣವನ್ನು ಗೋಣಿಗೆ ತುಂಬಿ ಹೂತ ಮೇಲೆ ಅವಳು ತಲೆ ಎತ್ತಿದಳು. ಅಪ್ಪನ ಹಣೆಯ ರಕ್ತ ನೋಡಿ ಆಗ ನಿಜವಾಗಿ ಚೀರಿದಳು.

“ಪುಸ್ತಕದಾಗೆ ಐತಾ ಇದೆಲ್ಲ?” ಅಂದ ಅವಳ ದೊಡ್ಡಪ್ಪ, ಕಣ್ಣು ಬಿಡಲಾಗದೆ.

“ಊಂ ದೊಡ್ಡಪ್ಪ.”

“ಓದುದ್ಯಾ? ನೀನಾ? ನೀನೇಯಾ?”

ಆಗ ನನಗೆ ಅರ್ಥವಾಯಿತು. ಓದು ಅಂತ ಯಾರಿಗೂ ಅನ್ನಿಸಲೇ ಇಲ್ಲವಲ್ಲ! ಅವಳಿಗೆ ಕಲಿಸಿದ ನನಗೇ ಅನ್ನಿಸಲಿಲ್ಲ. ಕೊಟ್ಟಿಗೆ ಹಿಂದೆ ನಾನು ಆಡಿ ತೋರಿಸುತ್ತಿದ್ದ ಹಾಗೆ ಪುಸ್ತಕದ ಮಾತನ್ನು ಕಣ್ಣಲ್ಲಿ ಹಿಡಿದು ನಮ್ಮ ಮಾತಲ್ಲಿ ಬಿಟ್ಟಿದ್ದಾಳೆ. ಬೆಳಿಗ್ಗೆ ತಿಂದ ಏಟಿನ ಸಿಟ್ಟನ್ನೆಲ್ಲ ಆ ಕೊಲೆಗೆ ಸುರಿದಿದ್ದಾಳೆ.

ನನ್ನ ಮಗ ಮಾತ್ರ ತಲೆ ಆಡಿಸಿದ. “ಅಜ್ಜಿ ಬಾಯಿಪಾಠ ಮಾಡ್ಸೌಳೆ.”

“ನಾನೇ ಓದಿಲ್ಲ ಕಣ್ಲಾ ಅದ್ನ! ಮೊನ್ನೆ ತಂದದ್ದು!” ಅಂತ ನಾನು ಕಿರುಚಿದೆ.

ದೊಡ್ಡಪ್ಪ ಪುಸ್ತಕ ಕಿತ್ತುಕೊಂಡು ನಡುವೆ ಎಲ್ಲೋ ಬಿಚ್ಚಿ ಅವಳ ಮುಂದೆ ಹಿಡಿದ. “ಇಲ್ಲಿ ಓದವ್ವ. ಲೇ, ನಿಂಗೆ ಕಣ್ಣು ಕಾಣ್ತದಲ್ಲ, ನೀನು ನೋಡ್ಕೊ.” ನನ್ನ ಮಗ ಹಣೆಗೆ ಟವೆಲ್ ಒತ್ತಿಕೊಂಡು, ರಕ್ತವಿಲ್ಲದ ಒಂದು ಕಣ್ಣಿನಲ್ಲಿ ಪುಟದ ಮೇಲೆ ಬಗ್ಗಿದ. ಹುಡುಗಿ ಅಪ್ಪನನ್ನು ನೋಡಿದಳು. ತುಟಿ ನಡುಗಿತು. ಸದ್ದಿಲ್ಲ. ಅವಳ ದೊಡ್ಡಪ್ಪ ದೊಣ್ಣೆಯನ್ನು ನೆಲಕ್ಕೆ ಕುಟ್ಟಿದ.

“ಎದ್ರುಕೊಬ್ಯಾಡ ಮಗ. ಇವ್ನು ಕೈ ಎತ್ತುದ್ರೆ ಇನ್ನೊಂದ್ ಕಡೀನೂ ಒಡೀತೀನಿ. ಓದು.”

ಅವಳು ಉಸಿರೆಳೆದುಕೊಂಡಳು. “‘ಈ ಚಾಕು ಯಾರ್ದವ್ವ?’ ಅಂದ ಇನ್‌ಸ್ಪೆಟ್ರು. ಅವ್ಳು ನಡುಗ್ತಾ ಇದ್ಲು. ‘ನನ್ ಗಂಡುಂದು, ಅವ್ನು ಇದ್ರಲ್ಲಿ ಎಣ್ಣು ಕುಯ್ತಿದ್ದ’...”

“ತಡಿ. ‘ಹಣ್ಣು’ ಅಂತ ಐತೆ.”

“ಊಂ, ಅಣ್ಣು. ‘ಅಣ್ಣು ಕುಯ್ತಿದ್ದ’ ಅಂದ್ಲು.”

ಆಮೇಲೆ ಅವಳು ನಿಲ್ಲಲಿಲ್ಲ. ನನ್ನ ಮಗನ ಬೆರಳು ಸಾಲಿನ ಕೆಳಗೆ ಹೋಗುತ್ತಿತ್ತು, ಅವಳ ಮಾತು ಅದಕ್ಕಿಂತ ಮುಂದೆ ಓಡುತ್ತಿತ್ತು. ಬೆರಳು ಹಿಂದೆ ಬಿತ್ತು. ಟವೆಲ್ಲಿನಿಂದ ಒಂದು ತೊಟ್ಟು ರಕ್ತ ಪುಟದ ಮೇಲೆ ಬಿತ್ತು. ಅವಳು ಅದನ್ನು ಫ್ರಾಕಿನ ತುದಿಯಲ್ಲಿ ಒರೆಸಿ, ಅಡಿಯ ಅಕ್ಷರ ನೋಡಿ, ಮುಂದೆ ಓದಿದಳು. ನನ್ನ ಮಗ ಅಲ್ಲೇ ಬಿದ್ದ ಬಾಗಿಲಿನ ಮೇಲೆ ಕೂತುಬಿಟ್ಟ.

“ಇನ್ನೊಂದ್ ಪುಟ ಓದವ್ವ,” ಅಂದ.

ನಾನು ನೆಲದ ಮೇಲಿದ್ದ ಮಚ್ಚು ಎತ್ತಿಕೊಂಡೆ. “ಕೇಳ್ಲಾ ಇಲ್ಲಿ. ಇನ್ಮುಂದೆ ನನ್ ಕೂಸಿನ್ ಮೇಲೆ ಕೈ ಎತ್ತುದ್ರೆ, ಆ ಕೈನ ಇದೇ ಮಚ್ಚಲ್ಲಿ ಅದೇ ಕೊರಡಿನ್ ಮೇಲೆ ಇಟ್ಟು ಗುಡ್ಡೆ ಆಕ್ತೀನಿ. ನಿನ್ ಎತ್ತ ತಾಯಿ ನಾನು, ಕಡಿಯೋಳೂ ನಾನೇಯಾ!” ಹೇಳುತ್ತಾ ಹೇಳುತ್ತಾ ಅಳು ಬಂತು, ಅಳುತ್ತಾ ನಗು ಬಂತು. ಮಚ್ಚು ಹಿಡಿದೇ ಹುಡುಗಿಯನ್ನು ತಬ್ಬಿಕೊಂಡೆ. “ಮಚ್ಚು ಬುಡು ಅಜ್ಜಿ, ಚುಚ್ತದೆ!” ಅಂತ ಅವಳು ಕೂಗಿದ ಮೇಲೆ ಬಿಟ್ಟೆ.

ಸೊಸೆ ಮಜ್ಜಿಗೆ ತಂದು ಭಾವನ ಕಣ್ಣು ತೊಳೆದಳು. “ತಪ್ ತಿಳ್ಕೊಬ್ಯಾಡಿ ಭಾವ.” “ಖಾರ ಚೆನ್ನಾಗ್ ರುಬ್ಬಿದ್ದೀಯ ಕಣವ್ವ,” ಅಂದ ಅವನು, ಮೂಗಲ್ಲಿ ನೀರಿಳಿಸುತ್ತಾ. ಕಣ್ಣು ಸ್ವಲ್ಪ ಬಿಟ್ಟ ಮೇಲೆ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಿರುಗಾವಲಿನ ಆಸ್ಪತ್ರೆಗೆ ಹೊರಟ. ಹೊಲಿಗೆ ಹಾಕಿದವರು ಹೇಗಾಯಿತು ಅಂತ ಕೇಳಿದರಂತೆ. ಇಬ್ಬರೂ ಒಂದೇ ಸಲ ‘ಬಾಗ್ಲು ಬಡೀತು’ ಅಂದರಂತೆ. ಎಷ್ಟೋ ವರ್ಷದಿಂದ ಮಾತಿಲ್ಲದವರು ಒಟ್ಟಿಗೆ ಆಡಿದ ಮೊದಲ ಮಾತು ಅದೇ ಸುಳ್ಳು.

ಸಾಯಂಕಾಲ ಗೋಡೆಯಾಚೆಯಿಂದ ಅವನ ಹೆಂಡತಿ ತಮ್ಮ ಪಾಲಿನ ಮಾಂಸವನ್ನು ಪಾತ್ರೆ ಸಮೇತ ಹೊತ್ತು ತಂದಳು. ನಮ್ಮ ಖಾರ ಭಾವನ ಮುಖಕ್ಕೆ ಖರ್ಚಾಗಿತ್ತಲ್ಲ, ಅವಳೇ ರುಬ್ಬಿಕೊಂಡೂ ಬಂದಿದ್ದಳು. ಎರಡೂ ಮನೆಯ ಗುಡ್ಡೆ ಒಂದೇ ದೊಡ್ಡ ಪಾತ್ರೆಯಲ್ಲಿ ಬೆಂದವು. ಸೊಸೆ ಮುದ್ದೆ ಕಟ್ಟಿದಳು, ನಾನು ಸುಟ್ಟ ಬೆರಳಲ್ಲೇ ಸಾರು ಬಡಿಸಿದೆ. ಬಾಗಿಲಿಲ್ಲದ ಕೋಣೆಯ ಮುಂದೆ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಹುಡುಗಿ ಅಪ್ಪನಿಗೂ ದೊಡ್ಡಪ್ಪನಿಗೂ ನಡುವೆ. ನನ್ನ ಮಗ ದವಡೆ ಅಲುಗಿಸಿದರೆ ಹಣೆ ಎಳೆಯುತ್ತದೆ ಅಂತ ಮುದ್ದೆಯನ್ನು ನಿಧಾನವಾಗಿ ನುಂಗುತ್ತಿದ್ದ.

“ನಾಳಿದ್ದು ಮಳವಳ್ಳಿಗೆ ಓಗಿ ಬ್ಯಾಗು ತತ್ತೀನಿ,” ಅಂದ, ತಟ್ಟೆ ನೋಡಿಕೊಂಡು. “ಸೋಮ್ವಾರ ಇಸ್ಕೂಲ್‌ಗೆ ನಾನೇ ಬುಟ್ ಬತ್ತೀನಿ.”

ಹುಡುಗಿ ಅಪ್ಪನ ಮೊಣಕೈ ತಗುಲದ ಹಾಗೆ ಇನ್ನೂ ದೊಡ್ಡಪ್ಪನ ಕಡೆಗೇ ಸರಿದು ಕೂತಿದ್ದಳು. ನನ್ನ ಮಗ ತನ್ನ ತಟ್ಟೆಯಿಂದ ಮಜ್ಜೆ ತುಂಬಿದ ಒಂದು ನಳಿ ಮೂಳೆ ಆರಿಸಿ ಅವಳ ತಟ್ಟೆಯಲ್ಲಿಟ್ಟ. ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ಎತ್ತಿಕೊಂಡು ತಟ್ಟೆಗೆ ಕುಟ್ಟಿ, ಬಾಯಿಗಿಟ್ಟು ಜೋರಾಗಿ ಹೀರಿದಳು.

“ಅದ್ಸರಿ, ಪುಸ್ತಕ ಪೂರಾ ಮುಗ್ಸುದ್ಯಂತಲ್ಲ, ಕೊಂದೋನು ಯಾರವ್ವ ಕೊನೇಗೆ?” ಅಂತ ದೊಡ್ಡಪ್ಪ ಕೇಳಿದ. ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು.

“ಏಳ್ಬ್ಯಾಡ ಕಣೆ! ನಾನಿನ್ನೂ ಓದಿಲ್ಲ!” ಅಂತ ನಾನು ಸೌಟು ಎತ್ತಿದೆ.

ಎಲ್ಲರೂ ನಕ್ಕರು, ನನ್ನ ಮಗ ಹಣೆ ಹಿಡಿದುಕೊಂಡು ನಕ್ಕ. ಮೊಮ್ಮಗಳು ಬಾಯಿ ತುಂಬ ಮುದ್ದೆ ತುಂಬಿಕೊಂಡು ಸುಮ್ಮನಾದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ನನಗೂ ಒಂದು ತಟ್ಟೆ ಹಾಕಿಕೊಂಡು, ಅವರ ಸಾಲಿನಲ್ಲೇ ಕೂತು ಉಂಡೆ.